ಒಂಬತ್ತು ಮೂಟೆಯ ಕರೆಂಟು ಗಾಡಿ

ಕಂಪನಿಗಳ ಚರಿತ್ರೆಯನ್ನು ಕಂಪನಿಗಳೇ ಬರೆಸಿಕೊಳ್ಳುವುದು ವಾಡಿಕೆ. ದಪ್ಪ ಆರ್ಟ್ ಪೇಪರು, ಮೊದಲ ಪುಟದಲ್ಲಿ ಸಂಸ್ಥಾಪಕರ ಕಪ್ಪುಬಿಳುಪು ಫೋಟೊ, ಕೊನೆಯ ಪುಟದಲ್ಲಿ ಗಾಳಿಯಂತ್ರದ ಪಕ್ಕ ನಗುವ ಮಗು. ನಡುವೆ ಎಲ್ಲೂ ನಷ್ಟ ಇರುವುದಿಲ್ಲ, ಬರೀ ಸವಾಲುಗಳಿರುತ್ತವೆ. ಬೆಂಗಳೂರಿನ ಕರೆಂಟು ಗಾಡಿ ಕಂಪನಿಯವರು ಅಂಥದ್ದೊಂದನ್ನು ಅಚ್ಚು ಹಾಕಿಸುವ ಮೊದಲೇ ಶಿರಂಗಾಲದ ಕಡೆಯಿಂದ ಒಂದು ಚರಿತ್ರೆ ಬಂದುಬಿಡಲಿ. ನಿಮಗೆ ಈ ಅಧಿಕಾರ ಕೊಟ್ಟವರು ಯಾರು ಎಂದು ಕೇಳಬೇಡಿ. ಗಡಿಯಲ್ಲಿ ಕೂತವರಿಗೆ ಒಳಗಿನವರ ಲೆಕ್ಕ ಇಡುವ ಚಟ. 1956ರವರೆಗೆ ನಮ್ಮದು ಕೊಡಗು ರಾಜ್ಯದ ಕಟ್ಟಕಡೆಯ ಊರು, ಪಕ್ಕದ ಕೊಣನೂರು ಮೈಸೂರು ರಾಜ್ಯ. ಆಮೇಲೆ ರಾಜ್ಯ ಒಂದಾಯಿತು, ಗಡಿ ಜಿಲ್ಲೆಯದಾಯಿತು, ಚಟ ಹಾಗೇ ಉಳಿಯಿತು. ಯಾವ ಗಾಡಿ ಬಂತು, ಯಾವುದು ಹೋಯಿತು, ಯಾವುದು ಬರಲೇ ಇಲ್ಲ ಎನ್ನುವುದು ರಸ್ತೆ ಬದಿಯ ಟೀ ಅಂಗಡಿಯ ಬೆಂಚಿಗೆ ಗೊತ್ತಿರುವಷ್ಟು ಸಾರಿಗೆ ಇಲಾಖೆಗೂ ಗೊತ್ತಿರುವುದಿಲ್ಲ.

ಈ ಗಾಡಿ ಬರಲೇ ಇಲ್ಲದವುಗಳ ಪೈಕಿ. ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಕಂಪನಿಯ ಹುಟ್ಟು 1994ರಲ್ಲಿ, ಬೆಂಗಳೂರಿನ ಮೈನಿ ಮನೆತನದಲ್ಲಿ. ಯಂತ್ರದ ಬಿಡಿಭಾಗ ತಯಾರಿಸಿ ಹೆಸರು ಮಾಡಿದ್ದ ಮನೆ. ಮಗ ಚೇತನ್ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ, 1990ರಲ್ಲಿ ಅಲ್ಲಿನ ಸೌರಕಾರು ಪಂದ್ಯ ಗೆದ್ದ ವಿದ್ಯಾರ್ಥಿ ತಂಡದಲ್ಲಿದ್ದವರು. ಬಿಸಿಲಿನಲ್ಲೇ ಕಾರು ಓಡಿಸಿದವರಿಗೆ ಕರೆಂಟಿನಲ್ಲಿ ಓಡಿಸುವುದು ಏನು ಮಹಾ ಅನ್ನಿಸಿರಬೇಕು; ಬೆಂಗಳೂರಿನ ಕರೆಂಟಿನ ಪರಿಚಯ ಅಷ್ಟರಲ್ಲಿ ಮರೆತಿರಬೇಕು. ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯ ಜತೆಗೂಡಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ ಕಟ್ಟಿದರು. ರೇವಾ ಎನ್ನುವುದು ಅವರ ತಾಯಿಯ ಹೆಸರು. ಏಳು ವರ್ಷ ಕಳೆದು 2001ರಲ್ಲಿ ಕಾರು ರಸ್ತೆಗಿಳಿಯಿತು. ಎರಡು ಬಾಗಿಲು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು, ಆ ಮಕ್ಕಳು ಬೆಳೆಯುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟರೆ. ಸೀಟಿನ ಕೆಳಗೆ ಎಂಟು ಸೀಸದ ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್.

ನಗುವ ಮೊದಲು ನ್ಯಾಯದ ಒಂದು ಮಾತು ಹೇಳಿಬಿಡುತ್ತೇನೆ. ಇವತ್ತು ಜಗತ್ತು ಮಂಗಳಾರತಿ ಎತ್ತುವ ಟೆಸ್ಲಾ ಹುಟ್ಟಿದ್ದು 2003ರಲ್ಲಿ. ಆ ಹೊತ್ತಿಗೆ ಬೆಂಗಳೂರಿನ ಈ ಪುಟ್ಟ ಕಾರು ಎರಡು ಮಳೆಗಾಲ ಕಂಡಿತ್ತು. ತಲೆ ಇತ್ತು, ಧೈರ್ಯ ಇತ್ತು. ಇಲ್ಲದೇ ಇದ್ದದ್ದು ಗಿರಾಕಿ.

ಮೂರನೇ ಮಹಡಿಯಲ್ಲಿ ಮನೆ ಇದ್ದವನು ಕೆಳಗೆ ನಿಂತ ಕಾರಿಗೆ ವೈರು ಇಳಿಬಿಡುವುದು ಹೇಗೆ? ಮಾರುತಿ ಎಂಟುನೂರರಲ್ಲಿ ಅತ್ತೆ, ಮಾವ, ಮೂರು ಮಕ್ಕಳು, ತಿರುಪತಿ ಲಾಡು ಎಲ್ಲವನ್ನೂ ತುಂಬಿ ಅಭ್ಯಾಸವಿದ್ದ ಬೆಂಗಳೂರಿಗರು ರೇವಾ ನೋಡಿ ಮುಗುಳ್ನಕ್ಕು ಮುಂದೆ ಹೋದರು. ಊರಲ್ಲಿ ಹೆಣ್ಣು ಸಿಗದ ವರನ ಕಡೆಯವರು ಮಾಡುವುದನ್ನೇ ಕಂಪನಿಯೂ ಮಾಡಿತು, ಪರದೇಶದಲ್ಲಿ ಸಂಬಂಧ ನೋಡಿತು.

ಲಂಡನ್ನಿನಲ್ಲಿ 2003ರಲ್ಲಿ ಒಂದು ಹೊಸ ಕಾನೂನು ಬಂದಿತ್ತು. ಪೇಟೆಯ ನಡುಭಾಗಕ್ಕೆ ಕಾರು ತಂದರೆ ದಿನಕ್ಕೆ ಐದು ಪೌಂಡು ದಟ್ಟಣೆ ಶುಲ್ಕ. ಕರೆಂಟು ಗಾಡಿಗೆ ಮಾಫಿ. ಮರುವರ್ಷವೇ ನಮ್ಮ ರೇವಾ ಜಿ-ವಿಜ್ ಎಂದು ಹೆಸರು ಬದಲಿಸಿಕೊಂಡು ಅಲ್ಲಿಗೆ ಹೋಯಿತು. ಶ್ರೀಮಂತ ಬಡಾವಣೆಗಳ ಜನ ಕೊಂಡುಕೊಂಡರು. ಭೂಮಿ ಉಳಿಸಲು ಕೊಂಡವರು ಇದ್ದಿರಬಹುದು. ಐದು ಪೌಂಡು ಉಳಿಸಲು ಕೊಂಡವರು ಅವರಿಗಿಂತ ಕಡಿಮೆ ಇರಲಾರರು. ಆ ಐದು ಮುಂದೆ ಎಂಟಾದಾಗ ಪರಿಸರದ ಮೇಲಿನ ಪ್ರೀತಿಯೂ ಮೂರು ಪೌಂಡಿನಷ್ಟು ಹೆಚ್ಚಿತು.

ಅಲ್ಲೊಂದು ತಮಾಷೆ ನಡೆಯಿತು. ಯುರೋಪಿನ ಕಾನೂನಿನ ಪ್ರಕಾರ ಅದು ಕಾರೇ ಅಲ್ಲ, ನಾಲ್ಕು ಗಾಲಿಯ ಸೈಕಲ್ ಜಾತಿಯ ಒಂದು ಗಾಡಿ. ಆ ಜಾತಿಗೆ ಸೇರಲು ತೂಕ 400 ಕಿಲೋ ಮೀರಬಾರದು, ಬ್ಯಾಟರಿಯ ತೂಕ ಲೆಕ್ಕಕ್ಕಿಲ್ಲ. ಕಾರಲ್ಲ ಎಂದ ಮೇಲೆ ಕಾರುಗಳನ್ನು ಗೋಡೆಗೆ ಗುದ್ದಿಸಿ ನೋಡುವ ಪರೀಕ್ಷೆಯೂ ಬೇಕಿಲ್ಲ. ಶುಲ್ಕ ಕಟ್ಟುವ ಜಾಗದಲ್ಲಿ ಪರಿಸರಸ್ನೇಹಿ ವಾಹನ, ಪರೀಕ್ಷೆ ಬರೆಯುವ ಜಾಗದಲ್ಲಿ ಸೈಕಲ್ಲು. 2007ರಲ್ಲಿ ಟಾಪ್ ಗೇರ್ ಪತ್ರಿಕೆಯವರು ತಾವೇ ಒಂದನ್ನು ತಂದು ಗುದ್ದಿಸಿ ನೋಡಿದರು. ಆಮೇಲಿನ ಚಿತ್ರಗಳನ್ನು ನೋಡಿದವರು ಬಸ್ ಹಿಡಿದರು. ಕಂಪನಿ ಚೌಕಟ್ಟು ಗಟ್ಟಿ ಮಾಡಿ ಹೊಸ ಮಾದರಿ ಬಿಟ್ಟಿತು. ಆದರೂ ಜರೆಯುವುದರಲ್ಲಿ ಇಂಗ್ಲಿಷರನ್ನು ಮೀರಿಸುವವರಿಲ್ಲ. ಟಾಪ್ ಗೇರ್ ಹೆಸರಿನದೇ ಟಿವಿ ಕಾರ್ಯಕ್ರಮಕ್ಕೆ ನಮ್ಮ ಬೆಂಗಳೂರಿನ ಗಾಡಿ ವರ್ಷಗಟ್ಟಲೆ ಪುಕ್ಕಟೆ ವಿದೂಷಕನಾಯಿತು.

ನನಗೆ ಆಶ್ಚರ್ಯ ಬೇರೆಯದು. ಅದೇ ಬ್ರಿಟನ್ನಿನ ಬೀದಿಗಳಲ್ಲಿ ಅದಕ್ಕೂ ಅರ್ಧ ಶತಮಾನದ ಹಿಂದೆಯೇ ಸಾವಿರಾರು ಬ್ಯಾಟರಿ ಗಾಡಿಗಳು ದಿನವೂ ಓಡುತ್ತಿದ್ದವು. ನಸುಕಿನಲ್ಲಿ ಮನೆ ಬಾಗಿಲಿಗೆ ಹಾಲಿನ ಬಾಟಲಿ ಇಡುವ ಗಾಡಿಗಳು. ಸದ್ದಿಲ್ಲ, ಹೊಗೆಯಿಲ್ಲ, ಮನೆಮನೆಗೂ ನಿಂತು ಹೊರಡುವ ಕೆಲಸ, ಮಧ್ಯಾಹ್ನಕ್ಕೆ ಮುಂಚೆ ಡಿಪೊಗೆ ವಾಪಸು, ರಾತ್ರಿಯೆಲ್ಲ ಚಾರ್ಜ್. ಬ್ಯಾಟರಿ ಗಾಡಿಗೆ ಹೇಳಿ ಮಾಡಿಸಿದ ಕೆಲಸ ಅದು. ಸೀಸದ ಬ್ಯಾಟರಿಯ ಕಾಲದಲ್ಲೇ ಅವರು ಮಾಡಿ ತೋರಿಸಿದ್ದರು. ಯಾರೂ ಆ ಗಾಡಿಗೆ ಅನ್ವೇಷಣೆಯ ಪ್ರಶಸ್ತಿ ಕೊಡಲಿಲ್ಲ, ಯಾರೂ ಅದರಲ್ಲಿ ಹಣ ಹೂಡಲು ಕ್ಯೂ ನಿಲ್ಲಲಿಲ್ಲ. ಹಾಲು ಬಂತು, ಅಷ್ಟೆ. ಅಂಥ ಊರಿಗೆ ನಾವು ಹೋಗಿ, ಸಾಹುಕಾರರನ್ನು ಕೂರಿಸಿಕೊಂಡು ಆಫೀಸಿಗೆ ಬಿಡುವ ಗಾಡಿ ಮಾರಿದೆವು.

ಇತ್ತ, ಈಗಿನ ಕರ್ನಾಟಕದ ಮೊಟ್ಟಮೊದಲ ಡೇರಿ 1955ರಲ್ಲಿ ಶುರುವಾದದ್ದು ನಮ್ಮ ಕೂಡಿಗೆಯಲ್ಲಿ, ಶಿರಂಗಾಲದಿಂದ ಕುಶಾಲನಗರಕ್ಕೆ ಹೋಗುವ ಇದೇ ರಸ್ತೆಯಲ್ಲಿ. ಹಾಲೂ ಇತ್ತು, ಮುಂಜಾವವೂ ಇತ್ತು, ಚಿಕ್ಕ ಚಿಕ್ಕ ದೂರಗಳೂ ಇದ್ದವು. ಬ್ಯಾಟರಿ ಗಾಡಿ ಮಾಡುವವರು ಮಾತ್ರ ಹೀತ್ರೂ ವಿಮಾನ ನಿಲ್ದಾಣದಲ್ಲಿದ್ದರು.

ಇಷ್ಟಾಗಿ, ಹದಿನೈದು ವರ್ಷದ ಕೊನೆಗೆ ಲೋಕವಿಡೀ ಸೇರಿಸಿ ಮಾರಿದ್ದು ಕೆಲವೇ ಸಾವಿರ ಕಾರು. 2010ರ ಮೇ ತಿಂಗಳಲ್ಲಿ ಮಹೀಂದ್ರದವರು ಬಂದು ಕಂಪನಿಯ ಶೇಕಡಾ 55.2 ಪಾಲು ಕೊಂಡರು. ಮಹೀಂದ್ರದವರಿಗೂ ಇದು ಹೊಸ ಹುಚ್ಚೇನಲ್ಲ. ಅವರು 1999ರಲ್ಲೇ ಬಿಜ್ಲಿ ಎಂಬ ಬ್ಯಾಟರಿ ತ್ರಿಚಕ್ರ ಬಿಟ್ಟು, ಕೆಲವೇ ವರ್ಷಗಳಲ್ಲಿ ಕೈಮುಗಿದು ಬೀಳ್ಕೊಟ್ಟಿದ್ದರು. ಮೂರು ಗಾಲಿಯಲ್ಲಿ ಕೈ ಸುಟ್ಟುಕೊಂಡವರು, ನಾಲ್ಕು ಗಾಲಿಯಲ್ಲಿ ಕೈ ಸುಟ್ಟುಕೊಂಡವರನ್ನು ಕೊಂಡುಕೊಂಡರು. ಒಟ್ಟು ಏಳು ಗಾಲಿಯ ಅನುಭವ.

ಹೊಸ ಯಜಮಾನಿಕೆಯಲ್ಲಿ ಮೊದಲು ಆದದ್ದು ನಾಮಕರಣ. ರೇವಾ ಹೋಗಿ ಮಹೀಂದ್ರ ರೇವಾ. 2016ರಲ್ಲಿ ರೇವಾ ಕಳಚಿ ಮಹೀಂದ್ರ ಎಲೆಕ್ಟ್ರಿಕ್. ತಾಯಿಯ ಹೆಸರು ಬೋರ್ಡಿನಿಂದ ಇಳಿಯುವ ಹೊತ್ತಿಗೆ ಮಗನೂ ಇಳಿದಿದ್ದರು. 2017ರಲ್ಲಿ ಸನ್ ಮೊಬಿಲಿಟಿ ಎಂಬ ಬೇರೆ ಕಂಪನಿ ತೆರೆದು, ಗಾಡಿಯ ಸಹವಾಸವೇ ಬೇಡ ಎಂದು ಬ್ಯಾಟರಿ ಬದಲಿಸಿಕೊಡುವ ವ್ಯಾಪಾರ ಹಿಡಿದರು. ಇತ್ತ ಬೊಮ್ಮಸಂದ್ರದಲ್ಲಿ 2012ರಲ್ಲೇ ಮಹೀಂದ್ರ ರೇವಾದ ಹೊಸ ಕಾರ್ಖಾನೆ ತೆರೆದಿತ್ತು, ವರ್ಷಕ್ಕೆ 30,000 ಕಾರು ಮಾಡುವ ಸಾಮರ್ಥ್ಯ. ಆ ಸಾಮರ್ಥ್ಯಕ್ಕೆ ಕೊನೆಯವರೆಗೂ ದಣಿವಾಗಲಿಲ್ಲ. 2013ರಲ್ಲಿ ಇ2ಒ ಎಂಬ ಕಾರು ಬಂತು. ದಿಲ್ಲಿಯಲ್ಲಿ ಬೆಲೆ 5 ಲಕ್ಷ 96 ಸಾವಿರ, ಅದೂ ದಿಲ್ಲಿ ಸರ್ಕಾರದ ಸಹಾಯಧನ ಕಳೆದ ಮೇಲೆ. ಆರು ವರ್ಷ ಕುಂಟಿ ಅದೂ ಮಲಗಿತು.

ಸಹಾಯಧನದ ಸುದ್ದಿ ಬಂತಲ್ಲ, ಅದಕ್ಕೆ ಸ್ವಲ್ಪ ಕುರ್ಚಿ ಹಾಕಿ ಕೂರಬೇಕು. ಕರೆಂಟು ಗಾಡಿಯ ಚರಿತ್ರೆಯನ್ನು ಬ್ಯಾಟರಿ, ಮೋಟಾರು ಎಂದು ಬರೆಯುವವರು ಎಂಜಿನಿಯರುಗಳು. ನಮ್ಮಂಥವರು ಬರೆದರೆ ಅದು ಸರ್ಕಾರಿ ಆದೇಶಗಳ ಚರಿತ್ರೆ. 2010ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 95 ಕೋಟಿ ಎತ್ತಿಟ್ಟಿತು. ಗಾಡಿಯ ಬೆಲೆಯಲ್ಲಿ ನೂರಕ್ಕೆ ಇಪ್ಪತ್ತರವರೆಗೆ, ಕಾರಾದರೆ ಒಂದು ಲಕ್ಷದವರೆಗೆ ಸರ್ಕಾರದ್ದು. 2012ರ ಮಾರ್ಚ್ 31ಕ್ಕೆ ಆ ಯೋಜನೆ ಮುಗಿಯಿತು, ಏಪ್ರಿಲ್ ಒಂದರಿಂದ ಜನರ ಪರಿಸರ ಕಾಳಜಿಯೂ ತಣ್ಣಗಾಯಿತು. 2015ರಲ್ಲಿ ಫೇಮ್ ಎಂಬ ಯೋಜನೆ ಬಂತು, ಮತ್ತೆ ಕಾಳಜಿ ಚಿಗುರಿತು. 2019ರಲ್ಲಿ ಅದರ ಎರಡನೇ ಕಂತು, 10,000 ಕೋಟಿ; ಕಾಳಜಿಗೆ ಹೂವು ಬಿಟ್ಟಿತು. 2024ರ ಮಾರ್ಚಿಗೆ ಅದೂ ಮುಗಿದು, ಅಕ್ಟೋಬರಿನಿಂದ ಪಿಎಂ ಇ-ಡ್ರೈವ್, 10,900 ಕೋಟಿ. ಶುಂಠಿ ಬೆಲೆ ಬಿದ್ದಾಗ ಬೆಂಬಲ ಬೆಲೆ ಕೇಳಿದರೆ ಮಾರುಕಟ್ಟೆಯ ನಿಯಮವನ್ನು ಗೌರವಿಸಿ ಎಂದು ಪಾಠ ಹೇಳುವ ಅರ್ಥಶಾಸ್ತ್ರಜ್ಞರು ಇದ್ದಾರಲ್ಲ, ಅವರು ಈ ಹದಿನೈದು ವರ್ಷವೂ ಶಾಲೆಗೆ ರಜೆ ಹಾಕಿದ್ದರು.

ನಮ್ಮ ರಾಜ್ಯವೂ ಹಿಂದೆ ಬೀಳಲಿಲ್ಲ. 2017ರ ಸೆಪ್ಟೆಂಬರಿನಲ್ಲಿ ವಿದ್ಯುತ್ ವಾಹನ ನೀತಿ ತಂದು, ದೇಶದಲ್ಲೇ ಮೊದಲು ಎನ್ನಿಸಿಕೊಂಡಿತು. 31,000 ಕೋಟಿ ಬಂಡವಾಳ, 55,000 ಉದ್ಯೋಗದ ಗುರಿ. ಗುರಿಗೇನು, ಅದಕ್ಕೆ ಚಾರ್ಜಿಂಗ್ ಬೇಕಿಲ್ಲ.

ಕಂಪನಿಗೆ ಬುದ್ಧಿ ಬಂದದ್ದು ಮನುಷ್ಯರನ್ನು ಕೆಳಗಿಳಿಸಿ ಸಾಮಾನು ಹತ್ತಿಸಿಕೊಂಡ ಮೇಲೆ. ಕಾರು ಕೊಳ್ಳುವವನಿಗೆ ನೂರು ತಕರಾರು. ಮೈಲೇಜು, ಬಣ್ಣ, ಅತ್ತೆಯ ಮೊಣಕಾಲಿಗೆ ಜಾಗ, ಪಕ್ಕದ ಮನೆಯವನ ಕಾರಿಗಿಂತ ಎತ್ತರವೋ ಇಲ್ಲವೋ. ರಟ್ಟಿನ ಡಬ್ಬಿಗೆ ಇದ್ಯಾವುದೂ ಇಲ್ಲ. 2016ರಲ್ಲಿ ಇ-ಸುಪ್ರೊ ಎಂಬ ಪುಟ್ಟ ವ್ಯಾನು, ಅದರಲ್ಲೇ ಒಂದು ಸರಕಿನ ಮಾದರಿ. 2018ರಲ್ಲಿ ಟ್ರಿಯೊ ಆಟೊ. 2020ರ ಅಕ್ಟೋಬರಿನಲ್ಲಿ, ಇಡೀ ದೇಶ ಮನೆಯೊಳಗೆ ಕೂತು ಫೋನಿನಲ್ಲಿ ಬೆರಳಾಡಿಸುತ್ತಿದ್ದ ಹೊತ್ತಿನಲ್ಲಿ, ಟ್ರಿಯೊ ಜೋರ್ ಎಂಬ ಮೂರು ಗಾಲಿಯ ಸರಕು ಗಾಡಿ. ಬೆಲೆ ದಿಲ್ಲಿಯಲ್ಲಿ 2 ಲಕ್ಷ 73 ಸಾವಿರ. ನಾಲ್ಕೇ ತಿಂಗಳಲ್ಲಿ ಅಮೆಜಾನ್ ಬಂದು ಕೈಕುಲುಕಿತು, ಫ್ಲಿಪ್‌ಕಾರ್ಟ್ ಬಂದು ಕೈಕುಲುಕಿತು. ಒಬ್ಬರು 2025ರೊಳಗೆ ಹತ್ತು ಸಾವಿರ ಬ್ಯಾಟರಿ ಗಾಡಿ ಎಂದರು, ಇನ್ನೊಬ್ಬರು 2030ರೊಳಗೆ ಇಪ್ಪತ್ತೈದು ಸಾವಿರ ಎಂದರು. 2023ರಲ್ಲಿ ವಿಶ್ವಬ್ಯಾಂಕ್ ಬಳಗದ ಐಎಫ್‌ಸಿ 600 ಕೋಟಿ ಹಾಕಲು ಮುಂದೆ ಬಂತು. ನಾಲ್ಕನೇ ನಾಮಕರಣವೂ ಆಯಿತು, ಮಹೀಂದ್ರ ಲಾಸ್ಟ್ ಮೈಲ್ ಮೊಬಿಲಿಟಿ. 2024ರಲ್ಲಿ ಜಿಯೊ ಎಂಬ ನಾಲ್ಕು ಗಾಲಿಯ ಸರಕು ಗಾಡಿ, 7 ಲಕ್ಷ 52 ಸಾವಿರದಿಂದ ಶುರು. ಲಂಡನ್ನಿನ ಹಾಲಿನವನಿಗೆ ಗೊತ್ತಿದ್ದ ಗುಟ್ಟು ಬೊಮ್ಮಸಂದ್ರಕ್ಕೆ ತಲುಪಲು ಕಾಲು ಶತಮಾನ ಹಿಡಿಯಿತು.

ಗಾಡಿ ಹೊಗೆ ಬಿಡುವುದಿಲ್ಲ. ಅದನ್ನು ಓಡಿಸುವವನು ಬಿಡುವುದು ನಿಟ್ಟುಸಿರು, ಅದಕ್ಕೆ ಮಾಲಿನ್ಯ ತಪಾಸಣೆಯ ಪ್ರಮಾಣಪತ್ರ ಬೇಕಿಲ್ಲ. ಅವನನ್ನು ನೌಕರ ಎನ್ನುವಂತಿಲ್ಲ, ಪಾರ್ಟ್‌ನರ್ ಎನ್ನಬೇಕು. ಲಾಭದಲ್ಲಿ ಪಾಲು ಮಾತ್ರ ಕೇಳಬಾರದು. ಇಂಥವರಿಗೊಂದು ಕಲ್ಯಾಣ ನಿಧಿ ಇರಲಿ ಎಂದು ನಮ್ಮ ರಾಜ್ಯ ಕಾನೂನು ಮಾಡಲು 2025 ಆಗಬೇಕಾಯಿತು. ಬ್ಯಾಟರಿಗೆ ಸಹಾಯಧನ ಸಿಕ್ಕಿದ ಹದಿನೈದು ವರ್ಷಕ್ಕೆ ಚಾಲಕನ ಸರದಿ ಬಂತು.

ಈಗ ನಮ್ಮೂರಿಗೆ ಬರೋಣ. ಫೋನಿನಲ್ಲಿ ಏನಾದರೂ ತರಿಸಿದರೆ ಶಿರಂಗಾಲದಲ್ಲಿ ಸಾಮಾನು ಬರುವುದಿಲ್ಲ, ಫೋನು ಬರುತ್ತದೆ. "ಸಾರ್, ಪಾರ್ಸೆಲ್ ಬಂದದೆ, ಬಸ್‌ಸ್ಟ್ಯಾಂಡ್ ತಾವ ಬರ್ತೀರಾ?" ಪಾಪ, ಪೆಟ್ರೋಲ್ ಬೈಕಿನ ಹಿಂದೆ ತನಗಿಂತ ದೊಡ್ಡ ಚೀಲ ಕಟ್ಟಿಕೊಂಡ ಹುಡುಗ, ಅವನ ತಪ್ಪೇನಿಲ್ಲ. ಕಂಪನಿಯ ಹೆಸರಿನಲ್ಲಿರುವ ಆ ಕೊನೆಯ ಮೈಲಿಯನ್ನು ಇಲ್ಲಿ ಗಿರಾಕಿಯೇ ಹವಾಯಿ ಚಪ್ಪಲಿಯಲ್ಲಿ ನಡೆದು ಪೂರೈಸುತ್ತಾನೆ. ಇಂಗಾಲದ ಲೆಕ್ಕ ಶೂನ್ಯ. ಯಾವ ಐಎಫ್‌ಸಿಯೂ ಅವನಲ್ಲಿ ಹಣ ಹೂಡಿಲ್ಲ. ಇನ್ನು ಕೆಎಸ್ಆರ್‌ಟಿಸಿ 2021ರಲ್ಲಿ ನಮ್ಮ ಕಾರ್ಗೊ ಎಂದು ಸಮಾರಂಭ ಮಾಡಿ ಸರಕು ಸಾಗಣೆ ಶುರುಮಾಡಿತು. ಹಳ್ಳಿಯ ಜನ ಬಸ್ಸಿನ ಟಾಪಿನಲ್ಲಿ ಬಾಳೆಗೊನೆ, ಕಂಡಕ್ಟರ್ ಕೈಯಲ್ಲಿ ಔಷಧಿ ಚೀಟಿ ಕಳಿಸುತ್ತಿದ್ದದ್ದಕ್ಕೆ ಸಮಾರಂಭ ಮಾಡಬೇಕಿತ್ತು ಎಂದು ಯಾರಿಗೂ ಹೊಳೆದಿರಲಿಲ್ಲ.

ಆದರೆ ನಮ್ಮ ಕಷ್ಟ ಬರುವ ಸಾಮಾನಿನದಲ್ಲ, ಹೋಗುವ ಸಾಮಾನಿನದು. ಶುಂಠಿ, ಮುಸುಕಿನ ಜೋಳ, ಭತ್ತ. ಟ್ರಿಯೊ ಜೋರ್ ಹೊರುವುದು 550 ಕಿಲೋ. ಶುಂಠಿ ಮೂಟೆ 60 ಕಿಲೋ. ಒಂಬತ್ತು ಮೂಟೆ ಹಾಕಿದರೆ 540, ಉಳಿದ ಹತ್ತು ಕಿಲೋದಲ್ಲಿ ಮನೆಯೊಡತಿ ನೆಂಟರಿಗೆ ಕೊಟ್ಟ ಸೀಮೆಬದನೆ. ಸರಿ, ಒಂಬತ್ತು ಮೂಟೆ ಕುಶಾಲನಗರಕ್ಕೆ ಹೋಗಿ ಬರಬಹುದು, ಹೋಗಿಬರಲು ನಲವತ್ತು ಕಿಲೋಮೀಟರಿನ ಆಸುಪಾಸು. ಮೈಸೂರಿಗೆ ಹೊರಟರೆ? ಕಂಪನಿಯ ಕಾಗದದಲ್ಲಿ ಒಂದು ಚಾರ್ಜಿಗೆ 125 ಕಿಲೋಮೀಟರ್, ಮೈಸೂರು ನೂರರ ಹತ್ತಿರ. ಹೋಗುವುದು ಕಂಪನಿಯ ಭರವಸೆಯಲ್ಲಿ, ಬರುವುದು ಚಾಮುಂಡೇಶ್ವರಿಯ ಭರವಸೆಯಲ್ಲಿ.

ಚಾಮುಂಡೇಶ್ವರಿ ಎಂದರೆ ಬೆಟ್ಟದ ತಾಯಿಯಲ್ಲ, ಕೊಡಗಿಗೆ ಕರೆಂಟು ಕೊಡುವ ವಿದ್ಯುತ್ ನಿಗಮ. ಇಬ್ಬರೂ ದರ್ಶನ ಕೊಡುವುದು ಭಕ್ತಿಯಿದ್ದವರಿಗೆ. ಗಾಡಿಯ ಬ್ಯಾಟರಿ ತುಂಬಲು ಮನೆಯ ದಪ್ಪ ಪಿನ್ನಿನ ಪ್ಲಗ್ಗೇ ಸಾಕು, ನಾಲ್ಕು ಗಂಟೆಯೊಳಗೆ ತುಂಬುತ್ತದೆ ಎಂದು ಬರೆದಿದ್ದಾರೆ. ಆ ನಾಲ್ಕು ಗಂಟೆ ಒಂದರ ಹಿಂದೆ ಒಂದು ಬರಬೇಕು ಎಂದು ಬರೆಯುವುದನ್ನು ಮರೆತಿದ್ದಾರೆ. ಆಷಾಢದ ಗಾಳಿಯಲ್ಲಿ ಎಲ್ಲೋ ಒಂದು ಸಿಲ್ವರ್ ಮರ ತಂತಿಯ ಮೇಲೆ ಒರಗಿತೆಂದರೆ ಗಂಟೆಯ ಲೆಕ್ಕ ದಿನದ ಲೆಕ್ಕವಾಗುತ್ತದೆ. ಈ ವಿಷಯದಲ್ಲಿ ಕಾವೇರಿಯ ಮೇಲೆ ನಮಗೊಂದು ಹಳೆಯ ಮುನಿಸೂ ಇದೆ. ಹೊಳೆ ಮೊದಲು ಹಾಯುವುದು ಶಿರಂಗಾಲವನ್ನು. 1902ರಲ್ಲಿ ಅದೇ ನೀರನ್ನು ಕೆಳಗೆ ಶಿವನಸಮುದ್ರದಲ್ಲಿ ಹಿಡಿದು ಕರೆಂಟು ಮಾಡಿ ಕಳಿಸಿದ್ದು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ. ಮೂರು ವರ್ಷ ಬಿಟ್ಟು ಬೆಂಗಳೂರಿನ ಬೀದಿದೀಪಕ್ಕೆ. ಆಗ ನಾವು ಬೇರೆ ಸೀಮೆಯವರು, ಕೇಳುವ ಹಕ್ಕಿರಲಿಲ್ಲ. ಈಗ ಹಕ್ಕಿದೆ, ಸಹಾಯವಾಣಿಯ ನಂಬರೂ ಇದೆ, ಅದು ಸದಾ ಎಂಗೇಜು.

ಹಾಗಾದರೆ ಶುಂಠಿ ಹೇಗೆ ಹೋಗುತ್ತದೆ ಎಂದಿರಾ? ಪಿಕಪ್ಪಿನಲ್ಲಿ. ಬೊಲೆರೊ ಪಿಕಪ್, ಡೀಸೆಲ್ಲು, ಒಂದೂವರೆ ಟನ್ನಿನ ಆಸುಪಾಸು ಹೊರುತ್ತದೆ, ನಮ್ಮವರು ಕಟ್ಟಿದರೆ ಅದಕ್ಕೂ ಮೇಲೆ. ಕೆಸರು ಗದ್ದೆಯ ಅಂಚಿಗೂ ಬರುತ್ತದೆ, ರಾತ್ರಿಯೇ ಮೈಸೂರಿಗೂ ಹೋಗುತ್ತದೆ. ಅದನ್ನು ಮಾಡುವವರೂ ಮಹೀಂದ್ರದವರೇ. ಒಂದೇ ಮನೆತನ, ಎರಡು ಗಾಡಿ. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಚಾರ್ಜರು, ಚಪ್ಪಲಿ, ನಾಯಿಯ ಬಿಸ್ಕತ್ತು ಹೊತ್ತೊಯ್ಯುವುದಕ್ಕೆ ಹೊಗೆಯಿಲ್ಲದ್ದು. ಆ ಅಪಾರ್ಟ್‌ಮೆಂಟಿನ ಟೀಗೆ ಶುಂಠಿ ಹೊತ್ತೊಯ್ಯುವುದಕ್ಕೆ ಹೊಗೆಯದು. ವಾರ್ಷಿಕ ವರದಿಯ ಹಸಿರು ಪುಟದಲ್ಲಿ ಮೊದಲನೆಯದರ ಫೋಟೊ, ಲಾಭದ ಪುಟದಲ್ಲಿ ಎರಡನೆಯದರ ಅಂಕಿ. ಇದರಲ್ಲಿ ಮೋಸವೇನೂ ಇಲ್ಲ. ಕಾನೂನುಬದ್ಧ, ಲೆಕ್ಕಪರಿಶೋಧಿತ. ಹೊಗೆ ಕುಡಿಯುವವರ ವಿಳಾಸ ಮಾತ್ರ ಬೇರೆ.

ನಾಳೆ ನಮ್ಮೂರಿನ ಬೆಳೆಗಾರನೊಬ್ಬ ಹುಮ್ಮಸ್ಸು ಬಂದು ಶೋರೂಮಿಗೆ ಹೋದ ಎಂದೇ ಇಟ್ಟುಕೊಳ್ಳಿ. ಹೊಸ ಕರೆಂಟು ಗಾಡಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಟೈರಿಗೆ ಒಂದು ಒದ್ದು, ಕೇಳುತ್ತಾನೆ:

"ಏನಪ್ಪಾ, ಎಷ್ಟು ಮೂಟೆ ಹಿಡಿಸ್ತದೆ?"

"ಸಾರ್, ಇದು ಮೂಟೆಗಲ್ಲ. ಪಾರ್ಸೆಲ್‌ಗೆ."

"ಶುಂಠೀನೂ ಪಾರ್ಸೆಲ್ಲೇ ಕಣಪ್ಪ. ಗೋಣಿಚೀಲದಲ್ಲಿ ಕಟ್ತೀವಿ ಅಷ್ಟೆ. ಗದ್ದೆ ತನಕ ಬರ್ತದಾ?"

"ಟಾರ್ ರೋಡ್ ಇದೆಯಾ ಸಾರ್?"

"ಎಲೆಕ್ಷನ್ ಬರ್ಲಿ, ಹಾಕ್ತಾರೆ. ಮಳೇಲಿ ಕರೆಂಟ್ ಹೋದ್ರೆ ಏನ್ ಮಾಡೋದು?"

ಹುಡುಗ ಸ್ವಲ್ಪ ಹೊತ್ತು ಯೋಚಿಸುತ್ತಾನೆ. ಆಮೇಲೆ ಮುಖ ಅರಳಿಸಿ ಹೇಳುತ್ತಾನೆ: "ಡೀಸೆಲ್ ಜನರೇಟರ್ ಇಟ್ಕೊಳ್ಳಿ ಸಾರ್. ಅದೂ ನಮ್ಮ ಕಂಪನೀದೇ ಬರ್ತದೆ."